ಲಿವರ್ ಕ್ಯಾನ್ಸರ್ ಸೆಲ್‌ಗೆ ಮಾತ್ರ ಅಂಟೋ ಡಿಎನ್‌ಎ ಆಪ್ಟಮರ್ ಬೇಕು, ನಾರ್ಮಲ್ ಸೆಲ್ ಜೊತೆ ಕೌಂಟರ್ ಸೆಲೆಕ್ಷನ್ ಬಿಟ್ಟು ಹತ್ತು ರೌಂಡ್ ಮಾಡಿದ್ರೆ ಸಾಕಾ?

ಸಾಕಾಗಲ್ಲ ಕಣ್ರೀ. ನಾನೂ ಮೈಸೂರಲ್ಲಿ ಪಿಎಚ್‌ಡಿ ಮಾಡುವಾಗ ಇದೇ ಬುದ್ಧಿ ಓಡ್ಸಿ ಆರು ತಿಂಗಳು ಹಾಳು ಮಾಡ್ಕೊಂಡೆ. ಆಪ್ಟಮರ್ ಅಂದ್ರೆ ಮಡಚ್ಕೊಂಡು ಒಂದು ಗುರಿಗೆ ಅಂಟೋ ಚಿಕ್ಕ ಡಿಎನ್‌ಎ ಎಳೆ. ಎಳೆಗಳನ್ನ ಸೆಲ್‌ಗೆ ಅಂಟಿಸಿ, ಅಂಟಿದ್ದನ್ನ ಬಿಡ್ಸಿ, ಪಿಸಿಆರ್‌ನಲ್ಲಿ ಕಾಪಿ ಹೆಚ್ಚಿಸೋದು ಒಂದು ರೌಂಡ್; ನಾರ್ಮಲ್ ಸೆಲ್‌ಗೂ ಅಂಟೋವನ್ನ ಕಳಿಯೋದೇ ಕೌಂಟರ್ ಸೆಲೆಕ್ಷನ್.

40 ಬೇಸ್ ರ‍್ಯಾಂಡಮ್ ಇರೋ ಲೈಬ್ರರಿ (ಡಿಎನ್‌ಎ ಎಳೆಗಳ ಮಿಶ್ರಣ) ತಗೊಂಡ್ರೆ ಟ್ಯೂಬಲ್ಲಿ ಒಂದರ ಮುಂದೆ 14 ಸೊನ್ನೆ ಇಡೋಷ್ಟು ಬೇರೆ ಬೇರೆ ಎಳೆ ಇರ್ತವೆ, ಆ ಕಡೆ ಸೆಲ್ ಮೈಮೇಲೆ ಇರೋ ಪ್ರೋಟೀನ್‌ಗಳಲ್ಲಿ ಬಹಳಷ್ಟು ನಾರ್ಮಲ್ ಸೆಲ್ ಮೇಲೂ ಇರೋವೇ, ನೀವು ಅಂಟ್ಕೊಂಡಿದ್ದನ್ನ 95 ಡಿಗ್ರಿಗೆ ಕಾಯ್ಸಿ ಬಿಡ್ಸಿ ಪಿಸಿಆರ್‌ಗೆ ಹಾಕ್ತಾ ಹೋದ್ರೆ ಎಲ್ಲದಕ್ಕೂ ಅಂಟೋವೇ ಕೊಬ್ಬಿ ಕೂರ್ತವೆ. ಅದಕ್ಕೇ ಆ ಎಳೆಗಳ ಪೂಲ್‌ನ ನಾರ್ಮಲ್ ಸೆಲ್ ಜೊತೆ ಇಟ್ಟು, ಸೆಲ್ ಕೆಳಗೆ ಕೂರ್ಸಿ, ಮೇಲಿನ ತಿಳಿ ಮಾತ್ರ ಮುಂದಕ್ಕೆ ತಗೊಳ್ಳೋದು. ಮೊದಲನೇ ರೌಂಡಲ್ಲಿ ಬೇಡ, ಆಗ ಒಳ್ಳೇ ಎಳೆಗಳು ಒಂದೊಂದೇ ಕಾಪಿ ಇರ್ತವೆ, ಕಳ್ಕೊಂಡ್ರೆ ಹೋಯ್ತು. ಎರಡು ಮೂರನೇದ್ರಿಂದ ಶುರು ಮಾಡಿ.

2006ರಲ್ಲಿ ಫ್ಲೋರಿಡಾ ಯೂನಿವರ್ಸಿಟಿಯ ವೈಹಾಂಗ್ ಟಾನ್ ಅವರ ಟೀಮು ಟಿ-ಸೆಲ್ ಲ್ಯುಕೇಮಿಯಾದ ಸಿಸಿಆರ್‌ಎಫ್-ಸಿಇಎಂ ಸೆಲ್‌ಗೆ ಆಪ್ಟಮರ್ ಹುಡುಕಿದ್ದು ಹಿಂಗೇ, ಕಳಿಯೋಕೆ ಬಿ-ಸೆಲ್ ಜಾತಿಯ ರಾಮೋಸ್ ಸೆಲ್ ಇಟ್ಕೊಂಡಿದ್ರು. ಅದ್ರಲ್ಲಿ ಸಿಕ್ಕಿದ ಎಸ್‌ಜಿಸಿ8 ಅಂಟ್ತಿರೋದು ಪಿಟಿಕೆ7 ಅನ್ನೋ ಪ್ರೋಟೀನ್‌ಗೆ ಅಂತ ಗೊತ್ತಾಗಿದ್ದು ಆಮೇಲೆ. ಟಾರ್ಗೆಟ್ ಹೆಸರೇ ಗೊತ್ತಿಲ್ದೆ ಕೆಲಸ ಆಗುತ್ತೆ, ಅದೇ ಇದ್ರ ಮಜಾ.

ಇನ್ನೊಂದು, ಸತ್ತ ಸೆಲ್. ಪೊರೆ ತೂತಾಗಿರೋದ್ರಿಂದ ಯಾವ ಡಿಎನ್‌ಎ ಆದ್ರೂ ಒಳಗೆ ನುಗ್ಗಿ ಅಂಟ್ಕೊಳ್ಳುತ್ತೆ. ನಾನು ಸೆಲ್‌ನ ಪ್ಲೇಟಿಂದ ಬಿಡ್ಸೋ ಕಿಣ್ವ ಟ್ರಿಪ್ಸಿನ್ ಹಾಕಿ ಫೋನ್‌ಗೆ ಹೋಗಿ ಹೆಚ್ಚು ಹೊತ್ತು ಬಿಟ್ಬಿಡ್ತಿದ್ದೆ, ಮೇಲಿಂದ ಪಿಪೆಟ್ಟಲ್ಲಿ ಜೋರಾಗಿ ಕದಡೋದು ಬೇರೆ. ಒಂಬತ್ತನೇ ರೌಂಡ್ ಆದ್ಮೇಲೆ ಸೆಲ್‌ಗೆ ಎಷ್ಟು ಹೊಳೆಯೋ ಡಿಎನ್‌ಎ ಅಂಟಿದೆ ಅಂತ ಅಳೆಯೋ ಫ್ಲೋ ಸೈಟೋಮೀಟರ್‌ಗೆ ಕೊಟ್ರೆ ಕ್ಯಾನ್ಸರ್ ಸೆಲ್, ನಾರ್ಮಲ್ ಸೆಲ್ ಎರಡರ ಗುಡ್ಡಾನೂ ಒಟ್ಟಿಗೇ ಬಲಕ್ಕೆ ಜರುಗಿ ಕೂತಿತ್ತು, ಅಂದ್ರೆ ಎರಡಕ್ಕೂ ಅಂಟಿತ್ತು. ಸತ್ತ ಸೆಲ್‌ಗೆ ಮಾತ್ರ ಬಣ್ಣ ಹಿಡಿಸೋ ಪ್ರೊಪಿಡಿಯಮ್ ಅಯೋಡೈಡ್ ಹಾಕಿ ನೋಡಿದ್ರೆ ಕಾಲುಭಾಗ ಸತ್ತಿದ್ವು. ಅವತ್ತು ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುತ್ತಿದ್ದೇ ಹತ್ತನೇ ರೌಂಡು. ಈಗ ಕಿಣ್ವ ಇಲ್ದೇ ಇಡಿಟಿಎ ಅನ್ನೋ ರಾಸಾಯನಿಕದಲ್ಲಿ ಬಿಡಿಸ್ತೀನಿ, ಟ್ರಿಪ್ಸಿನ್ ಮೇಲಿನ ಪ್ರೋಟೀನ್‌ನೂ ಕತ್ತರಿಸಿಹಾಕುತ್ತೆ ನೋಡಿ. ಆಮೇಲೆ ಇಡಿಟಿಎ ಚೆನ್ನಾಗಿ ತೊಳೀರಿ, ಇಲ್ಲಾಂದ್ರೆ ಆಪ್ಟಮರ್ ಮಡಚ್ಕೊಳ್ಳೋಕೆ ಬೇಕಾದ ಮೆಗ್ನೀಷಿಯಮ್‌ನ ಅದು ಹಿಡ್ಕೊಂಡ್ಬಿಡುತ್ತೆ.

ನಾರ್ಮಲ್ ಲಿವರ್ ಸೆಲ್ ಅಂತ ಯಾರಾದ್ರೂ ಎಲ್-02 ಕೊಟ್ರೆ ಬೇಡ ಅನ್ನಿ. ಅದು ಹೀಲಾ ಬೆರೆತಿರೋ ಲೈನ್, ಅಂದ್ರೆ ಗರ್ಭಕಂಠದ ಕ್ಯಾನ್ಸರ್ ಸೆಲ್ಲು.