ಸ್ಟೀರಿಯೊ ಬದಲಿಸುವ ಮುನ್ನ ಬಾಗಿಲು ಬಿಚ್ಚಿ ನೋಡಿ

ಕಾರಿನ ಆಡಿಯೊ ತೊಂದರೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಶಿವಮೊಗ್ಗದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಕಾರಿಗೆ ಏಳು ವರ್ಷವಾಗಿದೆ. ಮುಂಗಾರು ಹಿಡಿದಂದಿನಿಂದ ಚಾಲಕನ ಬಾಗಿಲಿನ ಸ್ಪೀಕರ್ ಕರಕರ ಎನ್ನುತ್ತಿತ್ತು. ಈಗ ಹದಿನೈದು ದಿನದಿಂದ ಬಾಗಿಲು ಜೋರಾಗಿ ಹಾಕಿದರೆ, ಕೆಲವೊಮ್ಮೆ ಹೊಂಡಕ್ಕೆ ಚಕ್ರ ಇಳಿದರೆ, ನಾಲ್ಕೂ ಸ್ಪೀಕರ್‌ಗಳ ಸದ್ದು ಒಟ್ಟಿಗೇ ನಿಲ್ಲುತ್ತದೆ. ಸ್ಟೀರಿಯೊದ ಪರದೆ ಮಾತ್ರ ಬೆಳಗುತ್ತಲೇ ಇರುತ್ತದೆ. ಆರಿಸಿ ಮತ್ತೆ ಹಾಕಿದರೆ ಸದ್ದು ಮರಳುತ್ತದೆ. ಸ್ಟೀರಿಯೊ ಹೋಗಿದೆ, ಹೊಸದು ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಬೇಕೇ?

ಉತ್ತರ: ಈಗಲೇ ಹಾಕಿಸಬೇಡಿ. ಪರದೆ ಬೆಳಗುತ್ತಿದೆ ಎಂದರೆ ಫ್ಯೂಸ್ ಸರಿಯಾಗಿದೆ, ಸ್ಟೀರಿಯೊಗೆ ಕರೆಂಟ್ ಬರುತ್ತಿದೆ. ಹೊಂಡ ಒಂದೇ ಕಾರಣವಾಗಿದ್ದರೆ ಸ್ಟೀರಿಯೊದ ಹಿಂದಿನ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಸಡಿಲವಾಗಿರಬಹುದು ಎನ್ನುತ್ತಿದ್ದೆ. ಬಾಗಿಲು ಬಡಿದಾಗಲೂ ಹೋಗುತ್ತದೆ ಎಂದು ಬರೆದಿದ್ದೀರಿ. ಹಾಗಾಗಿ ನನ್ನ ಅನುಮಾನ ಆ ಬಾಗಿಲಿನ ಮೇಲೆಯೇ.

ಕರಕರ ಎನ್ನುವುದು ಒಂದೇ ಸ್ಪೀಕರ್, ಆದರೆ ನಿಲ್ಲುವುದು ನಾಲ್ಕೂ. ಹೀಗೇಕೆ ಎಂಬ ಗೊಂದಲ ಸಹಜ. ಸ್ಪೀಕರ್ ವೈರ್ ತುಂಡಾದರೆ ಆ ಸ್ಪೀಕರ್ ಒಂದೇ ಸುಮ್ಮನಾಗುತ್ತದೆ. ಅದೇ ವೈರ್‌ನ ಮೇಲಿನ ರಬ್ಬರ್ ಸವೆದು, ಒಳಗಿನ ತಾಮ್ರ ಕಾರಿನ ಲೋಹದ ಬಾಡಿಯನ್ನು ಮುಟ್ಟಿದರೆ ಕಥೆಯೇ ಬೇರೆ. ಇಂದಿನ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಸದ್ದನ್ನು ಹಿಗ್ಗಿಸುವ ಒಂದೇ ಚಿಪ್, ಅಂದರೆ ಆಂಪ್ಲಿಫೈಯರ್ ಐಸಿ, ನಾಲ್ಕೂ ಸ್ಪೀಕರ್‌ಗಳನ್ನು ನಡೆಸುತ್ತದೆ. ಸ್ಪೀಕರ್‌ಗೆ ಹೋಗುವ ಎರಡು ವೈರ್‌ಗಳಲ್ಲಿ ಯಾವುದೂ ಬಾಡಿಯನ್ನು ಮುಟ್ಟಬಾರದು, ಮೈನಸ್ ಕೂಡ. ಒಂದು ಮುಟ್ಟಿದರೂ ಐಸಿ ತನ್ನನ್ನು ಕಾಪಾಡಿಕೊಳ್ಳಲು ಎಲ್ಲ ಸದ್ದನ್ನೂ ಕಡಿದುಬಿಡುತ್ತದೆ. ಆರಿಸಿ ಹಾಕಿದಾಗ ವೈರ್ ಬಾಡಿಯನ್ನು ಮುಟ್ಟಿರದಿದ್ದರೆ ಮತ್ತೆ ಹಾಡುತ್ತದೆ. ನಿಮ್ಮ ಸ್ಟೀರಿಯೊ ಕೆಟ್ಟಿಲ್ಲ, ತನ್ನ ಜೀವ ಉಳಿಸಿಕೊಳ್ಳುತ್ತಿದೆ. ಈ ದೋಷ ಇಟ್ಟುಕೊಂಡೇ ಹೊಸದನ್ನು ಹಾಕಿಸಿದರೆ ಅದೂ ಹೀಗೆಯೇ ನಿಲ್ಲುತ್ತದೆ. ಹೀಗೆ ದುಡ್ಡು ಕಳೆದುಕೊಂಡು ಬಂದವರನ್ನು ಮಳೆಗಾಲ ಬಂದಾಗಲೆಲ್ಲ ನೋಡುತ್ತೇನೆ, ಬೇಸರವಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಹಾಡನ್ನು ಸಣ್ಣಗೆ ಹಾಕಿ, ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಹಿಂದೆ-ಮುಂದೆ) ಬಳಸಿ ಸದ್ದನ್ನು ಒಂದೊಂದೇ ಸ್ಪೀಕರ್‌ಗೆ ತನ್ನಿ. ಕರಕರ ಎಲ್ಲಿದೆ ಎಂಬುದು ಖಚಿತವಾಗಲಿ. ರೇಡಿಯೊ, ಪೆನ್ ಡ್ರೈವ್, ಬ್ಲೂಟೂತ್ ಮೂರರಲ್ಲೂ ಕೇಳಿ ನೋಡಿ. ಒಂದರಲ್ಲಿ ಮಾತ್ರ ಕರಕರ ಇದ್ದರೆ ಸ್ಪೀಕರ್ ತಪ್ಪಿತಸ್ಥ ಅಲ್ಲ. ಆಮೇಲೆ ಚಾಲಕನ ಬಾಗಿಲು ಪೂರ್ತಿ ತೆರೆದು, ಬಾಗಿಲಿಗೂ ಅದು ಕೂರುವ ಕಾರಿನ ಕಂಬಕ್ಕೂ ನಡುವೆ ಇರುವ, ವೈರ್‌ಗಳು ಹಾದುಹೋಗುವ ಮಡಿಕೆಮಡಿಕೆಯ ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಸದ್ದು ಹೋಗಿ ಬಂದು ಮಾಡಿದರೆ ಕಳ್ಳ ಸಿಕ್ಕಿದಂತೆಯೇ. ಕಾರಿನಲ್ಲಿ ಅತಿ ಹೆಚ್ಚು ಸಲ ತೆರೆದು ಮುಚ್ಚುವುದು ಆ ಬಾಗಿಲನ್ನೇ. ಏಳು ವರ್ಷ ಅಲ್ಲಿ ವೈರ್ ದಿನವೂ ಬಾಗಿದೆ.

ಇನ್ನೂ ಗಟ್ಟಿ ಪುರಾವೆ ಬೇಕೆಂದರೆ ಸ್ಟೀರಿಯೊ ಹಿಂದಿನಿಂದ ಆ ಸ್ಪೀಕರ್‌ನ ಎರಡೂ ವೈರ್ ಬಿಡಿಸಿ, ತುದಿಗಳಿಗೆ ಬೇರೆಬೇರೆಯಾಗಿ ಟೇಪ್ ಸುತ್ತಿ ನಾಲ್ಕು ದಿನ ಓಡಾಡಿ. ಹೊರಗಿನಿಂದ ತಂದು ಹಾಕಿಸಿದ ಸ್ಟೀರಿಯೊ ಆದರೆ ಸಾಮಾನ್ಯವಾಗಿ ಮುಂದಿನ ಬಲ ಸ್ಪೀಕರ್‌ಗೆ ಬೂದು ಬಣ್ಣದ ವೈರ್ ಪ್ಲಸ್, ಕಪ್ಪು ಗೆರೆಯ ಬೂದು ವೈರ್ ಮೈನಸ್. ಉಳಿದ ಮೂರು ನಿಲ್ಲದೆ ಹಾಡಿದರೆ ಸ್ಟೀರಿಯೊ ನಿರ್ದೋಷಿ.

ಇನ್ನು ಬಾಗಿಲಿನ ಒಳಗೆ. ನಮ್ಮ ಕಡೆಯ ಕಾರುಗಳಲ್ಲಿ ತೊಂದರೆಯ ಬೇರು ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಕಿಟಕಿ ಗಾಜಿನ ಹೊರಮೈ ಮೇಲೆ ಬಿದ್ದ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುವುದು ಸಹಜ. ಅದು ತಳದ ಸಣ್ಣ ರಂಧ್ರಗಳಿಂದ ಹೊರಗೆ ಹೋಗಬೇಕು. ಮರದ ಕೆಳಗೆ, ತೋಟದ ಅಂಚಿನಲ್ಲಿ ನಿಲ್ಲುವ ಕಾರಿನಲ್ಲಿ ಕೊಳೆತ ಎಲೆಯೂ ಕೆಂಪು ಮಣ್ಣೂ ಸೇರಿ ಆ ರಂಧ್ರಗಳು ಮುಚ್ಚುತ್ತವೆ, ನೀರು ಒಳಗೇ ನಿಲ್ಲುತ್ತದೆ. ಬಾಗಿಲು ಆಡಿಸಿದಾಗ ಬುಳುಬುಳು ಕೇಳಿದರೆ ಅದೇ. ತೆಂಗಿನ ಗರಿಯ ಕಡ್ಡಿ ಸಾಕು, ಕೆಳಗಿನಿಂದ ತಿವಿದು ಬಿಡಿಸಿ.

ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ಕಳಚಿ ಐದಾರು ನಿಮಿಷ ಕಾಯಿರಿ. ಕೆಲವು ಕಾರುಗಳಲ್ಲಿ ಬಾಗಿಲಿನೊಳಗೆ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಹಳದಿ ಕಪ್ಲರ್ ಕಂಡರೆ ಕೈ ಹಾಕಲೇಬೇಡಿ. ಬ್ಯಾಟರಿ ಕಳಚಿದ ಮೇಲೆ ಕೋಡ್ ಕೇಳುವ ಸ್ಟೀರಿಯೊಗಳೂ ಉಂಟು, ಕೋಡ್ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ಯಾಡ್ ತೆಗೆದೊಡನೆ ಕಾಣಬೇಕಾದದ್ದು ಒಂದು ಪ್ಲಾಸ್ಟಿಕ್ ಹಾಳೆ. ಬಾಗಿಲಿನ ಹೊಟ್ಟೆಯ ನೀರು ಈಚೆಗೆ ಬಾರದಂತೆ ತಡೆಯುವುದು ಅದೇ. ಸ್ಪೀಕರ್ ಬದಲಿಸುವಾಗ ಅದನ್ನು ಹರಿದು, ಮತ್ತೆ ಅಂಟಿಸದೆ ಬಿಟ್ಟ ಬಾಗಿಲುಗಳನ್ನು ಎಷ್ಟೋ ನೋಡಿದ್ದೇನೆ. ಹತ್ತು ನಿಮಿಷದ ಕೆಲಸ ಉಳಿಸಲು ಹೋಗಿ ಗಿರಾಕಿಯ ಬಾಗಿಲನ್ನು ಮಳೆಗೆ ಒಪ್ಪಿಸಿದಂತೆ ಇದು. ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ನೀರು ತಡೆಯುವ ಬ್ಯುಟೈಲ್ ಟೇಪ್‌ನಿಂದ ಸುತ್ತಲೂ ಒತ್ತಿ ಅಂಟಿಸಿ. ಹಾಳೆಯ ಕೆಳ ಅಂಚು ಬಾಗಿಲಿನ ಒಳಕ್ಕೆ ಇಳಿದಿರಬೇಕು.

ಸ್ಪೀಕರ್ ಉಳಿದಿದೆಯೇ ಹೋಗಿದೆಯೇ ಎಂದು ತಿಳಿಯಲು ಅದರ ಎರಡೂ ವೈರ್ ಬಿಡಿಸಿ ಮಲ್ಟಿಮೀಟರ್‌ನಿಂದ ಓಮ್ ನೋಡಿ. ನಾಲ್ಕು ಓಮ್ ಎಂದು ಬರೆದ ಸ್ಪೀಕರ್ 3.2ರಿಂದ 3.8ರ ಆಸುಪಾಸು ತೋರಿಸಿದರೆ ಅದರೊಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಚೆನ್ನಾಗಿದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಮೀಟರ್ ಇಲ್ಲದವರು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಅನ್ನು ಕ್ಷಣಮಾತ್ರ ತಾಗಿಸಿದರೂ ಸಾಕು. ಟಪ್ ಎಂದು ಕೋನ್ (ಸ್ಪೀಕರ್‌ನ ಮುಂದಿನ ಆಲಿಕೆಯಂಥ ಭಾಗ) ಅಲುಗಿದರೆ ಜೀವ ಇದೆ. ಆಮೇಲೆ ಬೆರಳುಗಳನ್ನು ಹರಡಿ ಕೋನ್ ಅನ್ನು ಎಲ್ಲ ಕಡೆಯಿಂದಲೂ ಸಮನಾಗಿ, ಹಗುರವಾಗಿ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ, ಅಥವಾ ಕಾಗದದ ಕೋನ್ ನೀರು ಕುಡಿದು ಉಬ್ಬಿ ಮೆತ್ತಗಾಗಿದ್ದರೆ ರಿಪೇರಿ ವ್ಯರ್ಥ. ಬೇರೆ ಸ್ಪೀಕರ್ ಹಾಕಿ. ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚಿನದ್ದು ನಮ್ಮ ಹವೆಗೆ ಒಳ್ಳೆಯದು.

ವೈರ್ ಸರಿಪಡಿಸುವಾಗ ತಾಮ್ರ ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸುತ್ತಾ ಹೋಗಿ. ಸೋಲ್ಡರ್ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿ. ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ನಮ್ಮ ತೇವದಲ್ಲಿ ಬಾಳುವುದಿಲ್ಲ, ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ರಬ್ಬರ್ ಕೊಳವೆಯೊಳಗೆ ಜಾಯಿಂಟ್ ಇಡಲೇಬೇಡಿ. ಬಾಗುವ ಜಾಗದಲ್ಲಿ ಸೋಲ್ಡರ್‌ನ ಅಂಚಿನಲ್ಲೇ ವೈರ್ ಮತ್ತೆ ಮುರಿಯುತ್ತದೆ. ಅಷ್ಟು ಉದ್ದಕ್ಕೆ ನವಿರಾದ ಎಳೆಗಳಿರುವ ಹೊಸ ವೈರ್ ಎಳೆದು, ಒಂದು ಜಾಯಿಂಟ್ ಬಾಗಿಲಿನೊಳಗೆ, ಇನ್ನೊಂದು ಡ್ಯಾಶ್‌ಬೋರ್ಡ್ ಕೆಳಗೆ ಬರುವಂತೆ ಮಾಡಿ. ಸ್ಪೀಕರ್ ಕಪ್ಲರ್‌ಗೆ ಹೋಗುವ ವೈರ್ ಮೊದಲು ಕೆಳಗೆ ಜೋತು ಆಮೇಲೆ ಮೇಲಕ್ಕೆ ಬರುವಂತಿರಲಿ. ವೈರ್ ಹಿಡಿದು ಇಳಿದ ಹನಿ ಕಪ್ಲರ್ ಒಳಗೆ ನುಗ್ಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಮೊಬೈಲ್ ಅನ್ನು ಆಕ್ಸ್ ಕೇಬಲ್‌ನಿಂದ ಜೋಡಿಸಿ, ಅದನ್ನೇ ಕಾರಿನ ಚಾರ್ಜರ್‌ಗೂ ಹಾಕಿದಾಗ ಸ್ಪೀಕರ್‌ನಲ್ಲಿ ಸಿಳ್ಳೆಯಂತಹ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸಿಳ್ಳೆಯೂ ಏರುತ್ತದೆ. (ಸಾಗರದ ಓದುಗರು)

ಉತ್ತರ: ಇದು ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್‌ನ ಸದ್ದು. ಅದು ಹುಟ್ಟಿಸುವ ಕರೆಂಟ್‌ನ ಅಲೆಗಳನ್ನು ಡಯೋಡ್‌ಗಳು ಪೂರ್ತಿ ಸಮತಟ್ಟು ಮಾಡುವುದಿಲ್ಲ, ಸ್ವಲ್ಪ ಏರಿಳಿತ ಉಳಿಯುತ್ತದೆ. ನಿಮ್ಮ ಮೊಬೈಲ್ ಚಾರ್ಜರ್ ಮೂಲಕ ಒಂದು ಕಡೆ, ಆಕ್ಸ್ ಕೇಬಲ್ ಮೂಲಕ ಇನ್ನೊಂದು ಕಡೆ ಅರ್ತ್ ಆಗಿದೆ, ಅಂದರೆ ಕಾರಿನ ಮೈನಸ್‌ಗೆ ಸೇರಿದೆ. ಎರಡರ ನಡುವಿನ ಅಲ್ಪ ವ್ಯತ್ಯಾಸವೇ ಸಿಳ್ಳೆಯಾಗಿ ಕೇಳುತ್ತದೆ. ಚಾರ್ಜರ್ ಕಿತ್ತಾಗ ನಿಂತರೆ ಬೇರೆ ಪರೀಕ್ಷೆ ಬೇಕಿಲ್ಲ: ಬ್ಲೂಟೂತ್ ಬಳಸಿ, ಇಲ್ಲವೇ ಆಕ್ಸ್ ದಾರಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಹಾಕಿ.

ರೇಡಿಯೊದಲ್ಲೂ ಸಿಳ್ಳೆ ಬಂದರೆ ಸ್ಟೀರಿಯೊದ ಕಪ್ಪು ಅರ್ತ್ ವೈರ್ ನೋಡಿಸಿ. ಅದು ಬಣ್ಣ ಕೆರೆದ, ತುಕ್ಕಿಲ್ಲದ ಲೋಹಕ್ಕೆ ಬಿಗಿಯಾಗಿ ಕೂತಿರಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. ಅದು ತೀರಾ ಏರುಪೇರಾಗುತ್ತಿದ್ದರೆ ಹಾಡಿನ ಚಿಂತೆ ಬಿಟ್ಟು ಆಲ್ಟರ್ನೇಟರ್ ತೋರಿಸಿ.

ಪ್ರಶ್ನೆ: ಆಗುಂಬೆ ಕಡೆ ಹೋಗುವಾಗ ಎಫ್‌ಎಂ ಗೊರಗೊರ ಎಂದು ನಿಂತೇ ಹೋಗುತ್ತದೆ. ಸ್ಟೀರಿಯೊ ದೋಷವೇ?

ಉತ್ತರ: ಅಲ್ಲ. ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಕ್ಷೀಣಿಸುತ್ತವೆ. ಶಿವಮೊಗ್ಗ ಪೇಟೆಯೊಳಗೂ ಭದ್ರಾವತಿ ಆಕಾಶವಾಣಿ ಸರಿಯಾಗಿ ಹಿಡಿಯದಿದ್ದರೆ ಮಾತ್ರ ಛಾವಣಿಯ ಆಂಟೆನಾ ಕಡ್ಡಿ ಬಿಚ್ಚಿ ಅದರ ತಿರುಪಿಗೆ ತುಕ್ಕು ಹಿಡಿದಿದೆಯೇ ನೋಡಿ. ಸ್ಟೀರಿಯೊ ಬದಲಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ, ಆಂಟೆನಾದ ಬುಡದಲ್ಲಿರುವ ಬೂಸ್ಟರ್‌ಗೆ ಕರೆಂಟ್ ಕೊಡುವ ನೀಲಿ ವೈರ್ ಜೋಡಿಸಲು ಮರೆತಿರುವ ಸಾಧ್ಯತೆ ಹೆಚ್ಚು. ಸ್ಟೀರಿಯೊ ಹಾಕಿದವರ ಬಳಿಗೇ ಹೋಗಿ ಅದನ್ನು ಜೋಡಿಸಿಕೊಡಲು ಕೇಳಿ.