ಫೈಲ್‌ನಲ್ಲಿ 14 ಬೈಟ್, ಸ್ಟ್ರಕ್ಟ್‌ನಲ್ಲಿ 16: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಬಿಎಂಪಿ ಚಿತ್ರದ ಹೆಡರ್ ಓದಲು ಸಿ ಭಾಷೆಯಲ್ಲಿ ಒಂದು ಸ್ಟ್ರಕ್ಟ್ (ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ರಚನೆ) ಬರೆದಿದ್ದೇನೆ. ಅದರಲ್ಲಿ ಮೊದಲು 2 ಬೈಟ್‌ನ ಗುರುತು, ಆಮೇಲೆ 4 ಬೈಟ್‌ನ ಫೈಲ್ ಗಾತ್ರ, ತಲಾ 2 ಬೈಟ್‌ನ ಎರಡು ಮೀಸಲು ಜಾಗ, ಕೊನೆಗೆ 4 ಬೈಟ್‌ನ ಪಿಕ್ಸೆಲ್ ಆರಂಭದ ಸ್ಥಾನ. ಫೈಲ್ ಓದುವ ಫಂಕ್ಷನ್ ಎಫ್‌ರೀಡ್ ಕರೆದರೆ ‘ಬಿಎಂ’ ಗುರುತು ಸರಿಯಾಗಿಯೇ ಬರುತ್ತದೆ. ಆದರೆ 512×512 ಅಳತೆಯ 24 ಬಿಟ್ ಚಿತ್ರದ ಫೈಲ್ ಗಾತ್ರ 12 ಎಂದೂ ಪಿಕ್ಸೆಲ್ ಸ್ಥಾನ 2621440 ಎಂದೂ ತೋರಿಸುತ್ತದೆ. ಫೈಲ್ ಕೆಟ್ಟಿದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಫೈಲ್‌ಗೆ ಏನೂ ಆಗಿಲ್ಲ. ನಿಮ್ಮ ಸ್ಟ್ರಕ್ಟ್‌ನ ಸೈಜ್‌ಆಫ್ (ಮೆಮೊರಿಯಲ್ಲಿನ ಗಾತ್ರ) ಒಮ್ಮೆ ಪ್ರಿಂಟ್ ಮಾಡಿ ನೋಡಿ, 16 ಬರುತ್ತದೆ. ಫೈಲ್‌ನಲ್ಲಿರುವ ಹೆಡರ್ ಮಾತ್ರ 14 ಬೈಟ್. 4 ಬೈಟ್‌ನ ಫೀಲ್ಡ್ 4ರಿಂದ ಭಾಗವಾಗುವ ವಿಳಾಸದಲ್ಲೇ ಇರಲಿ ಎಂದು ಕಂಪೈಲರ್ ಗುರುತಿನ ನಂತರ 2 ಬೈಟ್ ಖಾಲಿ ಬಿಟ್ಟಿದೆ. ಇದೇ ಪ್ಯಾಡಿಂಗ್.

ನಿಮಗೆ ಬಂದ ಅಂಕಿಗಳೇ ಇದಕ್ಕೆ ಸಾಕ್ಷಿ. ನಿಮ್ಮ ಚಿತ್ರದ ನಿಜವಾದ ಗಾತ್ರ 786486 ಬೈಟ್: ಪಿಕ್ಸೆಲ್‌ಗಳಿಗೆ 786432, ಹೆಡರ್‌ಗಳಿಗೆ 54. ಬಿಎಂಪಿಯಲ್ಲಿ ಸಣ್ಣ ಬೈಟ್ (ಸಂಖ್ಯೆಯ ಕಡಿಮೆ ಸ್ಥಾನಬೆಲೆಯದು) ಮೊದಲು ಬರುವುದರಿಂದ ಈ ಸಂಖ್ಯೆ ಫೈಲ್‌ನ 2ನೇ ಸ್ಥಾನದಿಂದ 54, 0, 12, 0 ಎಂದು ಕೂತಿದೆ. ಮೊದಲ ಎರಡು ಬೈಟ್‌ಗಳನ್ನು ಪ್ಯಾಡಿಂಗ್ ನುಂಗಿತು. ಉಳಿದ 12, 0 ಮತ್ತು ಮುಂದಿನ ಎರಡು ಸೊನ್ನೆ ಸೇರಿ ಗಾತ್ರ 12 ಆಯಿತು. ಎರಡನೆಯ ಮೀಸಲು ಫೀಲ್ಡ್ ಪ್ರಿಂಟ್ ಮಾಡಿದರೆ 54 ಸಿಗುತ್ತದೆ, ಅದೇ ಪಿಕ್ಸೆಲ್ ಸ್ಥಾನ! 2621440 ಅಂದರೆ 40×65536. ಮುಂದಿನ ಹೆಡರ್‌ನ ಮೊದಲಲ್ಲಿರುವ 40 ಎಂಬ ಸಂಖ್ಯೆ ಇಲ್ಲಿಗೆ ನುಸುಳಿದೆ.

ಇಂಥ ಪ್ರಶ್ನೆಗೆ ‘ಪ್ಯಾಕ್ ಮಾಡಿ’ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ. ಪ್ಯಾಡಿಂಗ್ ಬೇಡ ಎಂದು ಕಂಪೈಲರ್‌ಗೆ ಹೇಳುವ ಪ್ರಾಗ್ಮಾ ಪ್ಯಾಕ್ ಹಾಕಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 14 ಬೈಟ್ ಆಗುತ್ತದೆ, ಅಂಕಿಗಳೂ ಸರಿಹೋಗುತ್ತವೆ. ಆದರೂ ನಾನು ಅದನ್ನು ಸೂಚಿಸುವುದಿಲ್ಲ. ಮೆಮೊರಿಯಲ್ಲಿ ಸ್ಟ್ರಕ್ಟ್ ಹೇಗಿರಬೇಕೆಂಬುದು ಕಂಪೈಲರ್‌ನ ವ್ಯವಹಾರ, ಫೈಲ್‌ನಲ್ಲಿ ಬೈಟ್ ಹೇಗಿರಬೇಕೆಂಬುದು ಫಾರ್ಮ್ಯಾಟ್‌ನ ವ್ಯವಹಾರ. ಎರಡನ್ನೂ ಒಂದೇ ಎಂದು ನಂಬಿದ ಕೋಡ್ ಯಾವತ್ತಾದರೂ ಕೈಕೊಡುತ್ತದೆ. ದೊಡ್ಡ ಬೈಟ್ ಮೊದಲಿಡುವ ಯಂತ್ರದಲ್ಲಿ ಪ್ಯಾಕ್ ಆದ ಸ್ಟ್ರಕ್ಟ್ ಕೂಡ ತಪ್ಪನ್ನೇ ಓದುತ್ತದೆ.

54 ಬೈಟ್‌ನ ಒಂದು ಬಫರ್‌ಗೆ ಓದಿಕೊಳ್ಳಿ, ಎಫ್‌ರೀಡ್ ನಿಜಕ್ಕೂ 54 ಕೊಟ್ಟಿತೇ ಎಂದು ನೋಡಿ, ಆಮೇಲೆ ಸ್ಥಾನ ಹೇಳಿ ತೆಗೆಯಿರಿ. ಗಾತ್ರ 2ರಲ್ಲಿ, ಪಿಕ್ಸೆಲ್ ಸ್ಥಾನ 10ರಲ್ಲಿ, ಅಗಲ 18ರಲ್ಲಿ, ಎತ್ತರ 22ರಲ್ಲಿ, ಪಿಕ್ಸೆಲ್‌ಗೆ ಎಷ್ಟು ಬಿಟ್ ಎಂಬುದು 28ರಲ್ಲಿ. 4 ಬೈಟ್ ತೆಗೆಯುವ ಫಂಕ್ಷನ್ ಇಷ್ಟೇ (ಪಿ ಎಂದರೆ ಆ ಸ್ಥಾನವನ್ನು ತೋರುವ ಅನ್‌ಸೈನ್ಡ್ ಕ್ಯಾರ್ ಪಾಯಿಂಟರ್, ಯುಇಂಟ್32_ಟಿ ಎಂದರೆ ಸೈನ್ ಇಲ್ಲದ 32 ಬಿಟ್ ಪೂರ್ಣಾಂಕ):

(ಯುಇಂಟ್32_ಟಿ)ಪಿ[0] | (ಯುಇಂಟ್32_ಟಿ)ಪಿ[1] << 8 | (ಯುಇಂಟ್32_ಟಿ)ಪಿ[2] << 16 | (ಯುಇಂಟ್32_ಟಿ)ಪಿ[3] << 24

ಆ ಕಾಸ್ಟ್‌ಗಳು (ಆವರಣದಲ್ಲಿ ಬರೆದ ಟೈಪ್ ಬದಲಾವಣೆಗಳು) ಅಲಂಕಾರಕ್ಕಲ್ಲ. ಬಿಟ್ಟರೆ ಪಿ[3] ಮೊದಲು ಸೈನ್ ಇರುವ ಇಂಟ್ ಆಗುತ್ತದೆ. ಆ ಬೈಟ್ 128 ಅಥವಾ ಹೆಚ್ಚಿದ್ದರೆ 24 ಬಿಟ್ ಸರಿಸಿದಾಗ ಸೈನ್ ಬಿಟ್‌ಗೆ ಹೋಗಿ ತಾಗುತ್ತದೆ. ಸಿ ಭಾಷೆಯಲ್ಲಿ ಅದಕ್ಕೆ ಅರ್ಥ ನಿಗದಿಯಾಗಿಲ್ಲ. ಸಾಮಾನ್ಯವಾಗಿ ಬರುವುದು ಋಣ ಸಂಖ್ಯೆ, ಅದನ್ನು 64 ಬಿಟ್‌ಗೆ ಹಾಕಿದರೆ ಮೇಲಿನ 32 ಬಿಟ್ ಪೂರ್ತಿ 1. ಸಣ್ಣ ಫೈಲ್‌ಗಳಲ್ಲಿ ಇದು ಕಾಣುವುದೇ ಇಲ್ಲ.

ಇನ್ನೊಂದು ವಿಷಯ, ಎತ್ತರ ಋಣ ಸಂಖ್ಯೆಯಾಗಿರಬಹುದು. ಹಾಗಿದ್ದರೆ ಚಿತ್ರದ ಸಾಲುಗಳು ಮೇಲಿನಿಂದ ಕೆಳಕ್ಕೆ ಬರೆದಿವೆ ಎಂದರ್ಥ.

ಪ್ರಶ್ನೆ: ಸೆನ್ಸರ್ ಪ್ಯಾಕೆಟ್‌ಗೆ ಪ್ಯಾಕ್ಡ್ ಸ್ಟ್ರಕ್ಟ್ ಮಾಡಿದ್ದೇವೆ: 1 ಬೈಟ್ ಬಗೆ, 4 ಬೈಟ್ ಸಮಯ, 2 ಬೈಟ್ ಸಿಆರ್‌ಸಿ (ದೋಷ ಪತ್ತೆಯ ಸಂಖ್ಯೆ). ಲ್ಯಾಪ್‌ಟಾಪ್‌ನಲ್ಲಿ, ಕಾರ್ಟೆಕ್ಸ್-ಎಂ4 ಬೋರ್ಡ್‌ನಲ್ಲಿ ತೊಂದರೆಯಿಲ್ಲ. ಕಾರ್ಟೆಕ್ಸ್-ಎಂ0ಗೆ ಹಾಕಿದರೆ ಹಾರ್ಡ್‌ಫಾಲ್ಟ್ (ಪ್ರೊಸೆಸರ್ ಎತ್ತುವ ಗಂಭೀರ ದೋಷ). ಅದೂ ಸಮಯದ ಫೀಲ್ಡ್ ನೇರವಾಗಿ ಓದಿದಾಗ ಅಲ್ಲ, ಅದರ ವಿಳಾಸವನ್ನು ಬೇರೆ ಫಂಕ್ಷನ್‌ಗೆ ಕೊಟ್ಟಾಗ ಮಾತ್ರ.
— ಎಂಬೆಡೆಡ್ ಎಂಜಿನಿಯರ್

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಫೀಲ್ಡ್ ನೇರವಾಗಿ ಓದಿದಾಗ ಇದು ಪ್ಯಾಕ್ ಆದದ್ದು, 1ನೇ ಸ್ಥಾನದಲ್ಲಿದೆ ಎಂದು ಕಂಪೈಲರ್‌ಗೆ ಗೊತ್ತು. ಎಂ0ಗೆ ಅದು ಒಂದೊಂದೇ ಬೈಟ್ ತೆಗೆದು ಜೋಡಿಸುವ ಕೋಡ್ ಬರೆಯುತ್ತದೆ. ವಿಳಾಸ ತೆಗೆದುಕೊಂಡ ಕ್ಷಣ ಆ ತಿಳಿವಳಿಕೆ ಕಳೆದುಹೋಗುತ್ತದೆ. ಕರೆಸಿಕೊಂಡ ಫಂಕ್ಷನ್‌ಗೆ ಅದು ಬರೀ ಯುಇಂಟ್32_ಟಿ ಪಾಯಿಂಟರ್, 4ರ ಗಡಿಯಲ್ಲಿದೆ ಎಂದುಕೊಂಡು ಒಂದೇ ಏಟಿಗೆ 4 ಬೈಟ್ ಓದಲು ಹೋಗುತ್ತದೆ. ಎಂ0 ಬಳಸುವ ಎಆರ್‌ಎಂವಿ6-ಎಂ ವಿನ್ಯಾಸದಲ್ಲಿ ಗಡಿ ತಪ್ಪಿದ ಓದು ಇಲ್ಲವೇ ಇಲ್ಲ, ಹಾರ್ಡ್‌ಫಾಲ್ಟ್ ಒಂದೇ ದಾರಿ.

ಎಂ4ನಲ್ಲಿ ಓಡಿತು ಎಂದು ಅದನ್ನೂ ನಂಬಬೇಡಿ. ಅಲ್ಲಿ ಒಂದೇ ಬೆಲೆ ಓದುವ, ಬರೆಯುವ ಎಲ್‌ಡಿಆರ್, ಎಸ್‌ಟಿಆರ್‌ನಂಥ ಬಿಡಿ ಸೂಚನೆಗಳಿಗೆ ಮಾತ್ರ ವಿನಾಯಿತಿ. ಒಟ್ಟಿಗೆ ಹಲವನ್ನು ಓದುವ ಎಲ್‌ಡಿಆರ್‌ಡಿ, ಎಲ್‌ಡಿಎಂಗಳಿಗೆ ಇಲ್ಲ. ಅಕ್ಕಪಕ್ಕದ ಎರಡು ಓದುಗಳನ್ನು ಕಂಪೈಲರ್ ಒಂದೇ ಎಲ್‌ಡಿಆರ್‌ಡಿ ಆಗಿ ಕೂಡಿಸಿದ ದಿನ ಅದೂ ಬೀಳುತ್ತದೆ, ನೀವು ಮುಟ್ಟದ ಜಾಗದಲ್ಲಿ, ಆಪ್ಟಿಮೈಸೇಷನ್ ಮಟ್ಟ ಬದಲಿಸಿದ ಕಾರಣಕ್ಕೆ. ಪರೀಕ್ಷಿಸುವಾಗ ಎಂ4ನ ಸಿಸಿಆರ್ ರಿಜಿಸ್ಟರ್‌ನಲ್ಲಿರುವ ಅನ್‌ಅಲೈನ್_ಟಿಆರ್‌ಪಿ ಬಿಟ್ ಆನ್ ಮಾಡಿಟ್ಟರೆ ಗಡಿ ತಪ್ಪಿದ ಪ್ರತಿ ಓದೂ ಅಲ್ಲೇ ಸಿಕ್ಕಿಬೀಳುತ್ತದೆ. ಲ್ಯಾಪ್‌ಟಾಪ್‌ನ ಎಕ್ಸ್86 ಕೂಡ ಪೂರ್ತಿ ಸುರಕ್ಷಿತವಲ್ಲ. ಲೂಪ್ ವೆಕ್ಟರ್ ಸೂಚನೆಗಳಿಗೆ ತಿರುಗಿದಾಗ 16 ಬೈಟ್ ಗಡಿ ಬೇಡುವ ಮೂವ್‌ಎಪಿಎಸ್ ಬಂದು ಸೆಗ್‌ಫಾಲ್ಟ್ ಆಗುವುದುಂಟು.

ಪರಿಹಾರ ಎರಡು ಸಾಲಿನದು. ಫೀಲ್ಡ್‌ನ ಬೆಲೆಯನ್ನು ಒಂದು ಲೋಕಲ್ ವೇರಿಯಬಲ್‌ಗೆ ಹಾಕಿಕೊಳ್ಳಿ, ಅದರ ವಿಳಾಸ ಕೊಡಿ. ಫಂಕ್ಷನ್ ಬೆಲೆ ಬದಲಿಸುವಂತಿದ್ದರೆ ಮರಳಿ ಬಂದ ಮೇಲೆ ಫೀಲ್ಡ್‌ಗೆ ತಿರುಗಿ ಹಾಕಿ. ಇಂಥ ಜಾಗಗಳನ್ನು ಜಿಸಿಸಿ 9ರಿಂದ ಈಚಿನ ಆವೃತ್ತಿಗಳು ತಾವಾಗಿಯೇ ಎಚ್ಚರಿಸುತ್ತವೆ. ಆ ವಾರ್ನಿಂಗ್ ಯಾರೋ ಆಫ್ ಮಾಡಿಟ್ಟಿರಬಹುದು, ಮೇಕ್‌ಫೈಲ್ ನೋಡಿ. ರಿಸೀವ್ ಬಫರ್‌ನ ಮಧ್ಯದ ವಿಳಾಸವನ್ನು ಸ್ಟ್ರಕ್ಟ್ ಪಾಯಿಂಟರ್‌ಗೆ ಕಾಸ್ಟ್ ಮಾಡುವ ಅಭ್ಯಾಸವಿದ್ದರೆ ಅದಕ್ಕೂ ಇದೇ ಗತಿ. ಎಕ್ಸ್86ನಲ್ಲಿ ಸಾದಾ ಕಾಸ್ಟ್-ಅಲೈನ್ ವಾರ್ನಿಂಗ್ ಬಾಯೇ ಬಿಡುವುದಿಲ್ಲ, ಅದರ ಸ್ಟ್ರಿಕ್ಟ್ ರೂಪ ಬೇಕು. ಓಡುವಾಗ ಹಿಡಿಯಲು ಅಲೈನ್‌ಮೆಂಟ್ ಸ್ಯಾನಿಟೈಸರ್ ಇದೆ. ಡಿಕೋಡರ್ ಭಾಗವನ್ನು ಲ್ಯಾಪ್‌ಟಾಪ್‌ನಲ್ಲಿ ಅದರೊಂದಿಗೆ ಓಡಿಸಿದರೆ ಬೋರ್ಡ್‌ಗೆ ಹಾಕುವ ಮೊದಲೇ ತಪ್ಪು ಕಾಣುತ್ತದೆ.

ಪ್ರಶ್ನೆ: ನಮ್ಮಲ್ಲಿ 40 ಬಗೆಯ ಮೆಸೇಜ್‌ಗಳಿವೆ. ಒಂದೊಂದಕ್ಕೂ ಕೋಡ್ ಬರೆಯುವ ಬದಲು ಆಫ್‌ಸೆಟ್‌ಆಫ್ (ಸ್ಟ್ರಕ್ಟ್‌ನ ಬುಡದಿಂದ ಫೀಲ್ಡ್ ಎಷ್ಟು ಬೈಟ್ ದೂರ ಎಂದು ಹೇಳುವುದು) ಬಳಸಿ ಫೀಲ್ಡ್‌ಗಳ ಪಟ್ಟಿ ಮಾಡಿ, ಸ್ಟ್ರಕ್ಟ್‌ನ ಬುಡದ ವಿಳಾಸಕ್ಕೆ ಆಫ್‌ಸೆಟ್ ಕೂಡಿಸಿ, ಕಾಸ್ಟ್ ಮಾಡಿ ಒಂದೇ ಲೂಪ್‌ನಲ್ಲಿ ಕಳಿಸುತ್ತೇವೆ. ಇದು ಭಾಷೆಯ ನಿಯಮಕ್ಕೆ ವಿರುದ್ಧ ಎಂದು ಸಹೋದ್ಯೋಗಿ ಹೇಳುತ್ತಾರೆ. ಹೌದೇ?
— ಸಾಫ್ಟ್‌ವೇರ್ ತಂಡದ ಸದಸ್ಯ

ಉತ್ತರ: ಅವರ ಮಾತು ಅರ್ಧ ನಿಜ. ಆ ಜಾಗದಲ್ಲಿರುವ ಫೀಲ್ಡ್ ನಿಜಕ್ಕೂ ಯುಇಂಟ್32_ಟಿ ಆಗಿದ್ದು, ಸ್ಟ್ರಕ್ಟ್ ಪ್ಯಾಕ್ ಆಗಿರದಿದ್ದರೆ ಯುಇಂಟ್32_ಟಿ ಪಾಯಿಂಟರ್ ಮೂಲಕ ಓದುವುದು ತಪ್ಪಲ್ಲ. ಫ್ಲೋಟ್ ಫೀಲ್ಡನ್ನು ಯುಇಂಟ್32_ಟಿ ಎಂದು ಓದಿದರೆ ಒಂದು ಟೈಪಿನ ಬೆಲೆಯನ್ನು ಬೇರೆ ಟೈಪಿನ ಪಾಯಿಂಟರ್‌ನಿಂದ ಓದಬಾರದೆಂಬ ಸ್ಟ್ರಿಕ್ಟ್ ಅಲಿಯಾಸಿಂಗ್ ನಿಯಮ ಮುರಿಯುತ್ತದೆ. ಹಿಂದಿನ ಸಾಲಿನಲ್ಲಿ ಬರೆದ ಬೆಲೆ ಈ ಓದಿಗೆ ಕಾಣದೆ ಹಳೆಯ ಬೆಲೆಯೇ ಹೋಗಬಹುದು. ಬೈಟ್‌ಗಳನ್ನು ಹಾಗೇ ನಕಲಿಸುವ ಮೆಮ್‌ಕಾಪಿ ಮಾಡಿದರೆ ಗಡಿ ತಪ್ಪುವುದು, ಅಲಿಯಾಸಿಂಗ್ ಎಂಬ ಈ ಎರಡು ಗೋಳೂ ಇಲ್ಲ, ಆದ್ದರಿಂದ ಪಟ್ಟಿಯ ವಿಧಾನ ಇಟ್ಟುಕೊಂಡು ಕಾಸ್ಟ್ ಬಿಟ್ಟುಬಿಡಿ.

ಬುಡದ ಪಾಯಿಂಟರ್ ಅನ್‌ಸೈನ್ಡ್ ಕ್ಯಾರ್ ಆಗಿರಲಿ. ಇಂಟ್ ಪಾಯಿಂಟರ್‌ಗೆ 8 ಕೂಡಿಸಿದರೆ 32 ಬೈಟ್ ಮುಂದೆ ಹೋಗುತ್ತೀರಿ. ಪಟ್ಟಿಯ ಒಂದೊಂದು ಸಾಲಿನಲ್ಲಿ ನಾಲ್ಕು ಅಂಕಣ ಬೇಕು: ಬಗೆ, ಆಫ್‌ಸೆಟ್, ಮೆಮೊರಿಯಲ್ಲಿನ ಗಾತ್ರ, ತಂತಿಯ ಮೇಲಿನ (ಅಂದರೆ ಕಳಿಸುವಾಗಿನ) ಗಾತ್ರ. ಕೊನೆಯ ಎರಡನ್ನು ಒಂದೇ ಮಾಡಿದವರು ಹೆಚ್ಚಾಗಿ ಲಾಂಗ್‌ನಲ್ಲಿ ಎಡವುತ್ತಾರೆ. 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ಎನಮ್ ಇನ್ನೂ ಮೋಸಗಾರ. ಪಿಸಿಯಲ್ಲಿ 4 ಬೈಟ್ ಇರುವ ಎನಮ್, ಬೇರ್‌ಮೆಟಲ್ ಎಆರ್‌ಎಂ ಜಿಸಿಸಿಯಲ್ಲಿ ಬೆಲೆಗಳು ಚಿಕ್ಕವಿದ್ದರೆ 1 ಬೈಟ್ ಆಗುತ್ತದೆ. ಆಫ್‌ಸೆಟ್ ಕೂಡ ಯಂತ್ರಕ್ಕೆ ತಕ್ಕಂತೆ ಓಡಾಡುತ್ತದೆ. 4 ಬೈಟ್ ಫೀಲ್ಡ್‌ನ ನಂತರ 8 ಬೈಟ್ ಫೀಲ್ಡ್ ಇರುವ ಸ್ಟ್ರಕ್ಟ್ 32 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ 12 ಬೈಟ್, 64 ಬಿಟ್‌ನಲ್ಲಿ 16. ಹಾಗಾಗಿ ಆಫ್‌ಸೆಟ್ ಅಂಕಿಯನ್ನು ಕೈಯಿಂದ ಬರೆಯಲೇಬೇಡಿ. ಫೀಲ್ಡ್‌ನ ಹೆಸರು ಒಂದೇ ಸಲ ಬರೆದರೆ ಆಫ್‌ಸೆಟ್, ಗಾತ್ರ ಎರಡನ್ನೂ ಹೊರಡಿಸುವ ಮ್ಯಾಕ್ರೊ ಮಾಡಿ. ಸಿ11 ಇದ್ದರೆ ಟೈಪ್ ನೋಡಿ ಆಯ್ಕೆ ಮಾಡುವ ಜೆನೆರಿಕ್ ಬಳಸಿ ಬಗೆಯನ್ನೂ ಅದರಿಂದಲೇ ತೆಗೆಸಬಹುದು. ಆಗ ಫೀಲ್ಡ್‌ನ ಟೈಪ್ ಬದಲಿಸಿ ಪಟ್ಟಿ ತಿದ್ದಲು ಮರೆಯುವ ಪ್ರಮೇಯವೇ ಬರದು.

ಲೂಪ್ ಬರೆಯುವಾಗ ಅನೇಕರು ಮಾಡುವ ಕೆಲಸ ಇದು: ಒಂದು 64 ಬಿಟ್ ವೇರಿಯಬಲ್‌ಗೆ ಸೊನ್ನೆ ಹಾಕಿ, ಫೀಲ್ಡ್‌ನಿಂದ ಅದರೊಳಕ್ಕೆ 2 ಅಥವಾ 4 ಬೈಟ್ ಮೆಮ್‌ಕಾಪಿ ಮಾಡುವುದು. ಸಣ್ಣ ಬೈಟ್ ಮೊದಲಿಡುವ ಯಂತ್ರದಲ್ಲಿ ಅದು ಸರಿ. ದೊಡ್ಡ ಬೈಟ್ ಮೊದಲಿಡುವ ಯಂತ್ರದಲ್ಲಿ ಬೆಲೆ ಮೇಲಿನ ತುದಿಗೆ ಹೋಗಿ ಕೂರುತ್ತದೆ. ಸೈನ್ ಕೂಡ ಕಳೆದುಹೋಗುತ್ತದೆ: 16 ಬಿಟ್‌ನ -5 ಹೀಗೆ ಬಂದರೆ 65531. ತಂತಿಯ ಮೇಲೆ 4 ಬೈಟ್ ಬೇಕಿದ್ದಾಗ ಆಚೆಯವರಿಗೆ ಸಿಗುವುದು 65531 ಮಾತ್ರ. ಅದಕ್ಕೇ ಗಾತ್ರದ ಮೇಲೆ ಸ್ವಿಚ್ ಹಾಕಿ, 1, 2, 4, 8ಕ್ಕೆ ಬೇರೆ ಬೇರೆ ಕೇಸ್‌ನಲ್ಲಿ ಅದೇ ಟೈಪಿನ ವೇರಿಯಬಲ್‌ಗೆ ಕಾಪಿ ಮಾಡಿ, ಸೈನ್ ಇದೆಯೇ ಎಂದು ಬಗೆಯ ಅಂಕಣ ನೋಡಿ ಅಗಲಿಸಿ.

ಓದುವ ದಿಕ್ಕಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬೂಲ್ ಫೀಲ್ಡ್‌ಗೆ ತಂತಿಯಿಂದ ಬಂದ 7 ಎಂಬ ಬೈಟನ್ನು ಹಾಗೇ ಕಾಪಿ ಮಾಡಿದರೆ, ಇಫ್ ಒಳಗೂ ಹೋಗುವ ಎಲ್ಸ್ ಒಳಗೂ ಹೋಗುವ ಬೂಲ್ ಹುಟ್ಟಬಹುದು. ಸೊನ್ನೆಯಲ್ಲವೇ ಎಂದು ಹೋಲಿಸಿ 0 ಅಥವಾ 1 ಮಾಡಿಯೇ ಇಡಿ. ಎಣಿಕೆ ಇರುವ ಅರೇಗಳಲ್ಲಿ ಎಣಿಕೆಯನ್ನು ಮೊದಲು ಓದಿ, ಅರೇಯ ಸಾಮರ್ಥ್ಯಕ್ಕೂ ಬಫರ್‌ನಲ್ಲಿ ಉಳಿದ ಬೈಟ್‌ಗಳಿಗೂ ಹೋಲಿಸಿ, ಆಮೇಲಷ್ಟೇ ಕಾಪಿ. 16 ಹಿಡಿಸುವ ಅರೇಗೆ 200 ಎಂದು ಹೇಳುವ ಪ್ಯಾಕೆಟ್ ಬಂದೇ ಬರುತ್ತದೆ. ಪಾಯಿಂಟರ್ ಫೀಲ್ಡ್‌ಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಬಿಟ್‌ಫೀಲ್ಡ್‌ಗೂ (ಕೆಲವೇ ಬಿಟ್ ಅಗಲದ ಫೀಲ್ಡ್) ಇಲ್ಲ, ಅದಕ್ಕೆ ವಿಳಾಸವೇ ಇಲ್ಲದ್ದರಿಂದ ಆಫ್‌ಸೆಟ್‌ಆಫ್ ನಡೆಯದು. ಬಿಟ್‌ಗಳು ಯಾವ ತುದಿಯಿಂದ ತುಂಬುತ್ತವೆ ಎಂಬುದೂ ಕಂಪೈಲರ್‌ಗೆ ಬಿಟ್ಟದ್ದು. ಲಿನಕ್ಸ್ ಕರ್ನಲ್‌ನ ಐಪಿ ಹೆಡರ್‌ನಲ್ಲಿ ಆವೃತ್ತಿ ಮತ್ತು ಉದ್ದದ 4-4 ಬಿಟ್‌ಗಳನ್ನು ಎರಡು ಕ್ರಮದಲ್ಲಿ ಬರೆದು ಇಫ್‌ಡೆಫ್ ಹಾಕಿರುವುದು ಇದಕ್ಕೇ. ಶಿಫ್ಟ್ ಮತ್ತು ಮಾಸ್ಕ್ ಬಳಸಿ.

ಈ ಕೋಡ್ ಸಿ++ ಆಗಿದ್ದರೆ ವರ್ಚುವಲ್ ಫಂಕ್ಷನ್ ಇರುವ ಕ್ಲಾಸ್‌ಗಳನ್ನು ಪಟ್ಟಿಗೆ ಸೇರಿಸಬೇಡಿ, ಆಫ್‌ಸೆಟ್‌ಆಫ್‌ಗೆ ಖಾತರಿ ಇರುವುದು ಸಿ ಸ್ಟ್ರಕ್ಟ್‌ನಂಥ ಸರಳ ಜೋಡಣೆಯ (ಸ್ಟ್ಯಾಂಡರ್ಡ್-ಲೇಔಟ್) ಟೈಪ್‌ಗಳಿಗೆ ಮಾತ್ರ.

ಪ್ರಶ್ನೆ: ಎರಡು ಸ್ಟ್ರಕ್ಟ್‌ಗಳ ಎಲ್ಲ ಫೀಲ್ಡ್‌ಗಳೂ ಒಂದೇ. ಬೈಟ್‌ಗಳನ್ನು ಹೋಲಿಸುವ ಮೆಮ್‌ಕಂಪ್ ಮಾತ್ರ ಬೇರೆ ಅನ್ನುತ್ತದೆ, ಸಿಆರ್‌ಸಿಯೂ ಬೇರೆ ಬರುತ್ತದೆ.

ಉತ್ತರ: ವ್ಯತ್ಯಾಸ ಇರುವುದು ಪ್ಯಾಡಿಂಗ್‌ನಲ್ಲಿ. ಅಲ್ಲಿ ಸ್ಟ್ಯಾಕ್‌ನ ಹಳೆಯ ಕಸ ಉಳಿದಿರುತ್ತದೆ. ಮೊದಲೇ ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿದರೆ ಬಹುತೇಕ ಸಲ ಸರಿಹೋಗುತ್ತದೆ, ಆದರೆ ಫೀಲ್ಡ್‌ಗೆ ಬೆಲೆ ಹಾಕುವಾಗ ಪ್ಯಾಡಿಂಗ್ ಬದಲಾಗಬಹುದು ಎಂದು ಸಿ ಪ್ರಮಾಣವೇ ಕಂಪೈಲರ್‌ಗೆ ಅನುಮತಿ ಕೊಟ್ಟಿದೆ. ಸಿಆರ್‌ಸಿಯನ್ನು ಸ್ಟ್ರಕ್ಟ್ ಮೇಲೆ ಲೆಕ್ಕ ಹಾಕಬೇಡಿ, ಸೀರಿಯಲೈಸ್ ಆದ (ಕಳಿಸಲು ಸಾಲಾಗಿ ಜೋಡಿಸಿದ) ಬೈಟ್‌ಗಳ ಮೇಲೆ ಹಾಕಿ. ಇಡೀ ಸ್ಟ್ರಕ್ಟನ್ನೇ ನೆಟ್‌ವರ್ಕ್‌ಗೆ ಬಿಡುತ್ತಿದ್ದರೆ ಆ ಕಸವೂ ಹೊರಗೆ ಹೋಗುತ್ತಿದೆ ಎಂಬುದು ನೆನಪಿರಲಿ, ಅದರಲ್ಲಿ ಪಾಸ್‌ವರ್ಡ್‌ನ ತುಣುಕೂ ಇರಬಹುದು. ಫ್ಲೋಟ್ ಇದ್ದರೆ ಇನ್ನೊಂದು ತಿರುವು: +0.0 ಮತ್ತು -0.0 ಹೋಲಿಕೆಯಲ್ಲಿ ಸಮ, ಬೈಟ್‌ನಲ್ಲಿ ಬೇರೆ.

ಪ್ರಶ್ನೆ: ಪ್ರತಿ ಫೀಲ್ಡ್‌ಗೂ ಮೆಮ್‌ಕಾಪಿ ಕರೆದರೆ ನಿಧಾನವಾಗದೇ?

ಉತ್ತರ: ಗಾತ್ರ 4 ಎಂದು ಕೋಡ್‌ನಲ್ಲೇ ನಿಗದಿಯಾಗಿದ್ದರೆ ಆಗದು. ಆಪ್ಟಿಮೈಸೇಷನ್ ಎರಡನೇ ಮಟ್ಟದಲ್ಲಿ ಜಿಸಿಸಿ, ಕ್ಲ್ಯಾಂಗ್ ಎರಡೂ ಅದನ್ನು ಎಕ್ಸ್86ನಲ್ಲಿ ಒಂದೇ ಮೂವ್ ಸೂಚನೆಯಾಗಿಸುತ್ತವೆ, ಫಂಕ್ಷನ್ ಕರೆ ಉಳಿಯುವುದಿಲ್ಲ. ಮೊದಲ ಉತ್ತರದ ಶಿಫ್ಟ್ ಸಾಲನ್ನೂ ಗುರುತಿಸಿ ಒಂದೇ ಓದಾಗಿ ಮಡಚುತ್ತವೆ, ಬೈಟ್ ಕ್ರಮ ತಿರುಗುಮುರುಗಾಗಿದ್ದರೆ ಜೊತೆಗೆ ಒಂದು ಬಿಸ್ವಾಪ್ (ಬೈಟ್ ಕ್ರಮ ತಿರುಗಿಸುವ ಸೂಚನೆ). ಗಾತ್ರ ಪಟ್ಟಿಯಿಂದ ಓಡುವಾಗ ಬರುವ ವೇರಿಯಬಲ್ ಆದರೆ ಮಾತ್ರ ನಿಜವಾದ ಕರೆ ಉಳಿಯುತ್ತದೆ. ಮೇಲೆ ಹೇಳಿದ ಸ್ವಿಚ್‌ನ ಒಳಗೆ 2, 4, 8 ಎಂದು ಸ್ಥಿರ ಅಂಕಿಯನ್ನೇ ಬರೆದರೆ ಆ ಖರ್ಚೂ ತಪ್ಪುತ್ತದೆ. ಆಪ್ಟಿಮೈಸೇಷನ್ ಇಲ್ಲದ ಬಿಲ್ಡ್‌ನಲ್ಲಿ ಅಳತೆ ಮಾಡಿ ನಿಧಾನ ಎಂದು ತೀರ್ಮಾನಿಸಬೇಡಿ.