ಅಂಕ 95, ಆಮೇಲೆ?

ಆತ್ಮೀಯರೇ,

ಪಾರ್ಶ್ವವಾಯು ಪೀಡಿತರ ಪುನರ್ವಸತಿ ಕುರಿತ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಫಿಸಿಯೋಥೆರಪಿ ವೃತ್ತಿಯಲ್ಲಿದ್ದುಕೊಂಡು ಕನ್ನಡದಲ್ಲಿ ಬರೆಯುವವರು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಅಪರೂಪ. ಹಾಗಾಗಿ ಮುಲಾಜಿಲ್ಲದೆ ಹೇಳುತ್ತೇನೆ.

"ಬಹುತೇಕರು ಗುಣಮುಖರಾಗಿ ಮನೆಗೆ ತೆರಳಿದರು" ಎಂದು ಮೂರು ಕಡೆ ಬರೆದಿದ್ದೀರಿ. ಹಾಗೆಂದು ತೀರ್ಮಾನಿಸಿದ್ದು ಯಾರು? ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಎಷ್ಟರಮಟ್ಟಿಗೆ ಮಾಡಿಕೊಳ್ಳಬಲ್ಲರು ಎಂದು ನೂರು ಅಂಕಗಳಲ್ಲಿ ಅಳೆಯುವ ಬಾರ್ತೆಲ್ ಸೂಚ್ಯಂಕದಲ್ಲಿ ಅಂಕ ಏರಿದ್ದೇ ನಿಮ್ಮ ಪುರಾವೆ. 1965ರ ಆ ಪಟ್ಟಿಯಲ್ಲಿರುವುದು ಹತ್ತೇ ಬಾಬತ್ತು: ಊಟ, ಸ್ನಾನ, ಬಟ್ಟೆ, ಮಲಮೂತ್ರದ ಹಿಡಿತ, ನಡಿಗೆ, ಮೆಟ್ಟಿಲು ಇಂಥವು. ಅಡುಗೆ ಇಲ್ಲ, ಮಾತಿಲ್ಲ, ದುಡಿಮೆಯಂತೂ ಇಲ್ಲವೇ ಇಲ್ಲ. ನೂರಕ್ಕೆ ನೂರು ಬಂದವರೂ ಒಂಟಿಯಾಗಿ ಬಾಳಬಲ್ಲರು ಎಂದೇನಲ್ಲ ಎಂದು ಅದನ್ನು ರೂಪಿಸಿದವರೇ ಎಚ್ಚರಿಸಿದ್ದಾರೆ. ಓದುಗರಿಂದ ಅದನ್ನೇಕೆ ಮುಚ್ಚಿಟ್ಟಿರಿ?

ನಾಲ್ಕನೆಯ ಪುಟದಲ್ಲಿ ಮೂಡಿಗೆರೆ ಕಡೆಯ ತೋಟದ ಕೂಲಿ ಹೆಂಗಸೊಬ್ಬರು ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾರೆ. "ಅಂಕ 95." ಅಷ್ಟೇ. ನಿಮ್ಮ ಲೇಖನ ಇರುವುದೇ ಅಲ್ಲಿ! ಆಸ್ಪತ್ರೆಯ ಸಮತಟ್ಟು ನೆಲದಲ್ಲಿ ಹತ್ತು ಮೀಟರ್ ನಡೆದವರು ತೋಟದ ಕೂಲಿಗಳ ಲೈನ್ ಮನೆಯ ಮುಂದಿನ ಜಾರುವ ಇಳಿಜಾರಿನಲ್ಲಿ ಕೊಡ ಹೊತ್ತು ಬರಬಲ್ಲರೇ? ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿದು ಇನ್ನೊಂದರಲ್ಲಿ ಕಾಫಿ ಹಣ್ಣು ಬಿಡಿಸಬೇಕು. ಸೋತ ಕೈ ಯಾವುದು ಎಂದೂ ನೀವು ಬರೆದಿಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಆ ಕೈಗೆ ಎಷ್ಟು ಗಿಟ್ಟೀತು? ಅಥವಾ ಆಕೆಗೆ ತೋಟದ ಆಸೆಯೇ ಇಲ್ಲದೆ, ರಾತ್ರಿ ಸೊಸೆಯನ್ನು ಎಬ್ಬಿಸದೆ ಹಿತ್ತಲಿಗೆ ಹೋಗಿ ಬಂದರೆ ಸಾಕೆನಿಸಿದೆಯೋ ಏನೋ. ಕೇಳಿದ್ದೀರಾ? ಒಬ್ಬೊಬ್ಬರಿಗೂ ಅವರದೇ ಗುರಿ ಇಟ್ಟು, −2ರಿಂದ +2ರವರೆಗೆ ಅಳೆಯುವ ಪದ್ಧತಿ 1968ರಿಂದಲೂ ಇದೆ. ಸೊನ್ನೆ ಬಂದರೆ ನಿರೀಕ್ಷಿಸಿದಷ್ಟು ಆಯಿತೆಂದು ಅರ್ಥ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಕಾರ್ಯಸಾಮರ್ಥ್ಯ, ಅಂಗವೈಕಲ್ಯಗಳ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣಕ್ಕೆ ಎರಡು ಪುಟ ಬೇಡ. ದೇಹದ ಜೊತೆಗೆ ಮನೆ, ದಾರಿ, ನೆರೆಹೊರೆಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬ ಒಂದು ಸಾಲು ಸಾಕು. ಬೇಲೂರಿನ ಶಿಲಾಬಾಲಿಕೆಯ ಹೋಲಿಕೆಯನ್ನು ದಯವಿಟ್ಟು ತೆಗೆಯಿರಿ; ಈ ಜಿಲ್ಲೆಯಿಂದ ಬರುವ ಲೇಖನಗಳಲ್ಲಿ ಆಕೆ ಆಗಲೇ ದಣಿದಿದ್ದಾಳೆ.

ಆ ಕೂಲಿ ಹೆಂಗಸು ಮನೆಗೆ ಹೋಗಿ ಆರು ತಿಂಗಳಾದ ಮೇಲೆ ವಿಚಾರಿಸಿಕೊಂಡು ಬನ್ನಿ. ನಡುವೆ ಬಿದ್ದಿದ್ದರೆ, ವ್ಯಾಯಾಮ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಒಪ್ಪಿಗೆ ಪಡೆದು, ಗುರುತು ಬದಲಿಸಿ, ಸಾವಿರ ಪದಗಳೊಳಗೆ ಕಳುಹಿಸಿ. ಕಾಫಿ ಕೊಯ್ಲು ಮುಗಿಯುವುದರೊಳಗೆ ಬಂದರೆ ಇನ್ನೂ ಒಳ್ಳೆಯದು.

ಸಂಪಾದಕ